ಬೆರಳು ನೋಡಿ ಬರುವುದು

ನಮ್ಮ ಮನೆಯಲ್ಲಿ ಎಲುಬು ಕಟ್ಟುವ ಜಾಗ ಪಡಸಾಲೆಯ ಮೂಲೆಯಲ್ಲಿತ್ತು, ಅಡುಗೆಮನೆಯ ಗೋಡೆಗೆ ಒತ್ತಿಕೊಂಡು. ಗೋಡೆಯ ಒಂದು ಬದಿಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಇನ್ನೊಂದು ಬದಿಯಲ್ಲಿ ಯಾರಾದರೂ ಚೀರುತ್ತಿದ್ದರು. ಎರಡೂ ನನಗೆ ಮನೆಯ ಸದ್ದುಗಳೇ ಆಗಿದ್ದವು. ಚೀರು ನಿಂತ ಕೂಡಲೇ ಅವ್ವ ಕೈ ತಡೆದು ಕಿವಿಗೊಡುತ್ತಿದ್ದಳು. ಎಲುಬು ಕೂಡಿತು ಎಂದು ಖಾತ್ರಿಯಾದ ಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿ, ಒಂದು ಚರಿಗೆ ಮಜ್ಜಿಗೆ ತುಂಬಿ ನನ್ನ ಕೈಗೆ ಕೊಡುತ್ತಿದ್ದಳು. ಅದನ್ನು ಒಯ್ದು ಪೆಟ್ಟಾದವರಿಗೆ ಕೊಡುವುದು ನನ್ನ ಕೆಲಸ. ಅಳುತ್ತಿರುವವರ ಮುಖ ನೋಡಬಾರದು ಎಂದು ಆಯಿ, ಅಂದರೆ ಅಪ್ಪನ ತಾಯಿ, ಹೇಳಿದ್ದಳು. ಹೀಗಾಗಿ ಚಿಕ್ಕಂದಿನಿಂದ ನಾನು ಜನರ ಕೈಗಳನ್ನಷ್ಟೇ ನೋಡುತ್ತ ಬೆಳೆದೆ. ಇಂದಿಗೂ ನನಗೆ ಹೆಸರುಗಳು ಮರೆತುಹೋಗುತ್ತವೆ, ಕೈಗಳು ಮರೆಯುವುದಿಲ್ಲ.

ಮನೆ ಮೇಲವಂಕಿಯ ಊರೊಳಗಲ್ಲ, ಹೊರಗೆ ಹೊಲದಲ್ಲಿ. ಅಜ್ಜನ ಕಾಲಕ್ಕೆ ದೊಡ್ಡ ಕುರಿಹಿಂಡು ಇತ್ತಂತೆ. ನನ್ನ ಕಾಲಕ್ಕೆ ಗೋವಿನಜೋಳ, ಕಬ್ಬು, ಹಿತ್ತಲಲ್ಲಿ ಒಂದಷ್ಟು ಕುರಿ. ಹಿಂಡಿನ ಜೊತೆ ತಿರುಗುವವರಿಗೆ ಕುರಿಯ ಕಾಲು ಮುರಿದರೆ ಕಟ್ಟುವುದು ಗೊತ್ತಿರಲೇಬೇಕು. ಆಯಿಯ ಕೈಗೆ ಅದು ಗೊತ್ತಿದ್ದಕ್ಕಿಂತ ಹೆಚ್ಚು ಒಲಿದಿತ್ತು. ಕುರಿಗೆ ಕಟ್ಟುತ್ತಿದ್ದವಳು ಒಮ್ಮೆ ಮರದಿಂದ ಬಿದ್ದ ಕೂಸಿಗೆ ಕಟ್ಟಿದಳು, ಅಲ್ಲಿಂದ ಜನ ಬರತೊಡಗಿದರು. ಯಾರೂ ಅವಳ ಹೆಸರು ಹಿಡಿದು ಕೇಳುತ್ತಿರಲಿಲ್ಲ. "ಎಲುಬು ಕಟ್ಟೋರ ಮನಿ ಯಾವದ್ರಿ?" ಎಂದರೆ ಸಾಕು, ದಾರಿ ತೋರಿಸುತ್ತಿದ್ದರು. ಮನೆಗೆ ಹೆಸರಿತ್ತು, ಮನುಷ್ಯರಿಗೆ ಇರಲಿಲ್ಲ. ಬಂದವರು ಒಂದು ತೆಂಗಿನಕಾಯಿ, ಒಂದಿಷ್ಟು ಒಳ್ಳೆಣ್ಣೆ ನಮ್ಮ ಮನೆದೇವರು ಬೀರಪ್ಪನ ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ಯಾರಾದರೂ ಹೊಗಳಲು ಬಾಯಿ ತೆರೆದರೆ ಆಯಿ ಸಿಟ್ಟಾಗುತ್ತಿದ್ದಳು.

"ಕೈ ನಂದಲ್ಲೋ ಯಪ್ಪಾ. ನನ್ನ ಮೈಗೆ ಹತ್ತೇತಿ ಅಷ್ಟ. ಅವಂದು, ಅವ ಕೇಳಿದಾಗ ತಿರುಗಿ ಕೊಡಬೇಕು."

ಕಟ್ಟುವ ಮೊದಲು ದೇವರ ಅರಿಶಿನಪುಡಿ, ನಾವು ಭಂಡಾರ ಎನ್ನುತ್ತೇವೆ, ಹಣೆಗೆ ಹಚ್ಚಿಕೊಳ್ಳಬೇಕು. ಆಮೇಲೆ ಕಣ್ಣು ಮುಚ್ಚಿ ಬೆರಳುಗಳಿಂದ ಎಲುಬನ್ನು ಹುಡುಕಬೇಕು. ಎಳೆದು ಕೂಡಿಸಿ, ತತ್ತಿಯ ಬಿಳಿಯಲ್ಲಿ ಅದ್ದಿದ ಹಳೇ ಧೋತರದ ಬಟ್ಟೆ ಸುತ್ತಿ, ಬಿದಿರಿನ ಪಟ್ಟಿ ಇಟ್ಟು, ಉಣ್ಣೆಯ ಹುರಿಯಿಂದ ಬಿಗಿಯಬೇಕು. ಚರ್ಮ ಹರಿದಿದ್ದರೆ ಮುಟ್ಟದೆ ಗೋಕಾಕಿನ ಡಾಕ್ಟರರ ಕಡೆ ಕಳಿಸಬೇಕು. ಇದೆಲ್ಲ ಆದ ಮೇಲೆ ಕಟ್ಟಿದವರು ಹೇಳಬೇಕಾದ ಮಾತು ಒಂದೇ: "ನಾಳಿ ಬರ್ತೇನಿ." ಮರುದಿನ ಅವರ ಮನೆಗೆ ತಾವೇ ನಡೆದು ಹೋಗಿ ಬೆರಳು ನೋಡಿ ಬರಬೇಕು. ಮುರಿದ ಜಾಗ ರಾತ್ರಿ ಉಬ್ಬುತ್ತದೆ; ಕಟ್ಟು ಉಬ್ಬುವುದಿಲ್ಲ. ಉಬ್ಬಿದ ಮಾಂಸ ಬಿಗಿದ ಹುರಿಯೊಳಗೆ ಸಿಕ್ಕಿದರೆ ನೆತ್ತರು ಬೆರಳಿಗೆ ಇಳಿಯುವುದಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಕಟ್ಟಿದವರೇ ಬಿಚ್ಚಬೇಕು, ಬೇರೆ ಯಾರೂ ಹುರಿ ಮುಟ್ಟಬಾರದು. ನೋವು ತಾಳಲಾರದೆ ಮನೆಯವರು ಸಡಿಲಿಸಿದರೆ ಎಲುಬು ಜರುಗಿ ಕೈ ಸೊಟ್ಟಗಾಗುತ್ತದೆ ಎಂಬ ಕಾರಣಕ್ಕೆ ಬಂದ ಮಾತು ಅದು. ಈ ಎರಡು ಕಟ್ಟಳೆಗಳು ಒಂದಕ್ಕೊಂದು ಆತು ನಿಂತಿದ್ದವು. ಒಂದನ್ನು ತೆಗೆದರೆ ಇನ್ನೊಂದು ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ, ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಬೆರಳು ನೋಡಲು ಹೋಗುವಾಗ ಆಯಿ ನನ್ನನ್ನು ಕರೆದೊಯ್ಯುತ್ತಿದ್ದಳು. ತುಕ್ಕಾನಟ್ಟಿಯ ಒಬ್ಬ ರೈತನ ಮನೆ ನೆನಪಿದೆ. ಎತ್ತು ತಳ್ಳಿ ಅವನ ಮುಂಗೈ ಮುರಿದಿತ್ತು. ಆಯಿ ಅವನ ಹೆಬ್ಬೆರಳ ಉಗುರನ್ನು ತನ್ನ ಉಗುರಿನಿಂದ ಒತ್ತಿ ಹಿಡಿದು ಬಿಟ್ಟಳು. ಬೆಳ್ಳಗಾದ ಉಗುರು ಮತ್ತೆ ಕೆಂಪೇರಿತು. "ಬಂತು" ಎಂದಳು. ಹಾಗೆ ಐದೂ ಬೆರಳು. ಆಮೇಲೆ ಅವನ ಬೆರಳುಗಳನ್ನು ಒಟ್ಟಾಗಿ ಹಿಡಿದು ತನ್ನ ಗಲ್ಲಕ್ಕೆ ಒತ್ತಿಕೊಂಡು ಬಿಸಿ ಇದೆಯೋ ತಣ್ಣಗಿದೆಯೋ ನೋಡಿದಳು.

"ಆಯಿ, ಸಾವಕಾಶ. ನನ್ನ ಹೇಣ್ತಿ ಬಾಗಲಾಗ ನಿಂತ ನೋಡಾಕತ್ತಾಳ," ಎಂದ ಅವನು.

"ನೋಡ್ಲಿ ಬಿಡ. ಈ ಗಲ್ಲದಾಗ ಒಂದ ಹಲ್ಲ ಇಲ್ಲಂತ ಅಕಿಗೂ ಗೊತ್ತೈತಿ."

ಎಲ್ಲರೂ ನಕ್ಕರು. ನಗುವಿನ ನಡುವೆಯೇ ಆಯಿ ಹುರಿಯನ್ನು ಒಂದು ಸುತ್ತು ಸಡಿಲಿಸಿ ಮತ್ತೆ ಕಟ್ಟಿದ್ದು ಅವನಿಗೆ ಗೊತ್ತಾಗಲೇ ಇಲ್ಲ. ನಾನು ನೋಡಿದೆ.

ಆಯಿಯ ಮೊಣಕಾಲು ಕೈಕೊಟ್ಟ ವರ್ಷ ಅವಳು ಕಟ್ಟುವುದನ್ನು ನಿಲ್ಲಿಸಿದಳು. ಕೈಗಳು ಇನ್ನೂ ಗಟ್ಟಿಯಾಗಿದ್ದವು, ಬಂದವರು ಕಾಲಿಗೆ ಬಿದ್ದು ಬೇಡುತ್ತಿದ್ದರು. "ನಡ್ಯಾಕ ಆಗದಾಕಿ ಕಟ್ಟಬಾರದು" ಎಂದು ಹೇಳಿ ಅಪ್ಪನ ಕಡೆ ಕೈ ತೋರಿಸುತ್ತಿದ್ದಳು. ಅಪ್ಪನಿಗೂ ಆ ಕೈಗುಣ ಬಂದಿತ್ತು. ಬಹುಶಃ ಆಯಿಗಿಂತ ಹೆಚ್ಚಾಗಿಯೇ. ಅವನ ಬೆರಳುಗಳು ಉದ್ದ, ಮೆತ್ತಗೆ; ಹೊಲದ ಕೆಲಸದವನ ಬೆರಳುಗಳಂತೆ ಕಾಣುತ್ತಿರಲಿಲ್ಲ. ಅದೇ ದಿನಗಳಲ್ಲಿ ಆಯಿ ಕುರಿಯ ಎಲುಬಿನ ತುಂಡುಗಳನ್ನು ಕಂಬಳಿಯ ಕೆಳಗಿಟ್ಟು, ನೋಡದೆ ಕೈಯಿಂದಲೇ ಜೋಡಿಸಲು ನನಗೆ ಹೇಳುತ್ತಿದ್ದಳು. ನನಗದು ಆಟ. ಎಡಗಾಲಿನದು ಯಾವುದು, ಬಲಗಾಲಿನದು ಯಾವುದು, ಬೆರಳಿಗೆ ತಾನಾಗಿ ತಿಳಿಯುತ್ತಿತ್ತು. ಒಮ್ಮೆ ಎಲ್ಲವನ್ನೂ ತಪ್ಪಿಲ್ಲದೆ ಜೋಡಿಸಿದಾಗ ಅವಳು ನನ್ನ ಕೈ ಹಿಡಿದು ತಿರುಗಿಸಿ ನೋಡಿ, ಬೆಲ್ಲದ ಚೂರು ಇಟ್ಟಳು. ಮುಖದಲ್ಲಿ ಸಂತೋಷವಿರಲಿಲ್ಲ.

"ಯಾರ ಮುಂದೂ ಹೇಳಬ್ಯಾಡ. ನಿಮ್ಮ ಕಾಕಾಗಂತೂ ಬ್ಯಾಡ."

ಸಿದ್ದು ಕಾಕಾ ಅಪ್ಪನ ತಮ್ಮ. ಮೂಡಲಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಒಳ್ಳೆಯ ಮನುಷ್ಯ, ಬರುವಾಗ ನನಗೆ ಖಾರಾ ಚುರುಮುರಿ ತರುತ್ತಿದ್ದ, ಅವ್ವನ ಅಡುಗೆ ಹೊಗಳಿ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಒಂದು ದಿನ ಅವನು ಬಂದಾಗ ಪಡಸಾಲೆಯಲ್ಲಿ ಒಬ್ಬ ಪೈಲ್ವಾನ ಕುಳಿತಿದ್ದ. ಕುಸ್ತಿಯಲ್ಲಿ ಭುಜ ಕಳಚಿ ಎದೆಯ ಮೇಲೆ ಜೋತುಬಿದ್ದಿತ್ತು. ಅಷ್ಟು ದೊಡ್ಡ ದೇಹ ಕೂಸಿನ ಹಾಗೆ ಅಳುತ್ತಿತ್ತು. ಅಪ್ಪ ಅವನ ಕಂಕುಳಲ್ಲಿ ಕಾಲು ಊರಿ, ಕಣ್ಣು ಮುಚ್ಚಿ, ಒಂದೇ ಎಳೆತಕ್ಕೆ ಭುಜವನ್ನು ಜಾಗಕ್ಕೆ ಕೂಡಿಸಿದ. ಪೈಲ್ವಾನ ತೋಳು ಮೇಲೆತ್ತಿ ಬೆರಗಾಗಿ ನಕ್ಕ. ಕಾಕಾ ಇದೆಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದ. ವಿಡಿಯೋದ ಕೊನೆಗೆ ಅವನದೇ ದನಿ ಕೇಳುತ್ತದೆ: "ಇವರು ನಮ್ಮ ಅಣ್ಣಾ, ಮಾಳಪ್ಪ ವೈದ್ಯರು!" ನಮ್ಮ ಮನೆಯಲ್ಲಿ ಆ ಕೈಗೆ ಹೆಸರು ಹತ್ತಿದ್ದು ಅದೇ ಮೊದಲು.

ವಿಡಿಯೋ ಎಲ್ಲೆಲ್ಲಿ ಹೋಯಿತೋ ನಮಗೆ ತಿಳಿಯಲಿಲ್ಲ, ಬಂದ ಜನರಿಂದ ತಿಳಿಯಿತು. ಮೊದಲು ಅಕ್ಕಪಕ್ಕದ ತಾಲೂಕಿನವರು, ಆಮೇಲೆ ನಮಗೆ ಅರ್ಥವಾಗದ ಮರಾಠಿ ಆಡುವವರು, ಆಮೇಲೆ ಪೆಟ್ಟೇ ಆಗದ, ಅಪ್ಪನ ಜೊತೆ ಫೋಟೋ ತೆಗೆಸಿಕೊಳ್ಳಲು ಬಂದವರು. ನಸುಕಿನಲ್ಲೇ ಹೊಲದ ದಾರಿಯಲ್ಲಿ ಜೀಪುಗಳು ನಿಲ್ಲುತ್ತಿದ್ದವು. ಬೊಗಳಿ ಬೊಗಳಿ ನಮ್ಮ ನಾಯಿ ಕೊನೆಗೆ ಬೊಗಳುವುದನ್ನೇ ಬಿಟ್ಟಿತು. ಅದು ನನಗೆ ಜನಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಂಗಳದ ಬೇವಿನ ಮರಕ್ಕೆ ಅಪ್ಪನ ಮುಖವಿದ್ದ ಬೋರ್ಡು ಬಂತು. ಮೊಳೆ ಹೊಡೆದ ಜಾಗದಿಂದ ಅಂಟು ಇಳಿದು ಆ ಮುಖದ ಹಣೆಯ ಮೇಲೆ ಒಣಗಿ ನಿಂತಿತು, ಅವ್ವ ಎಷ್ಟು ಒರೆಸಿದರೂ ಹೋಗಲಿಲ್ಲ. ನಾವು ಒಟ್ಟಿಗೆ ಕುಳಿತು ಉಣ್ಣುವುದು ನಿಂತಿತು. ಅಪ್ಪ ನಿಂತೇ ನಾಲ್ಕು ತುತ್ತು ತಿಂದು ಕೈ ತೊಳೆಯುತ್ತಿದ್ದ. ಬಿಳಿ ಅಂಗಿ ಹಾಕತೊಡಗಿದ. ಕಣ್ಣು ಮುಚ್ಚಿ ಎಲುಬು ಹುಡುಕುವ ಹೊತ್ತು ಕಡಿಮೆಯಾಯಿತು. ನೋಡುವವರಿಗೆ ಅದು ಬೇಸರ ಎಂದು ಕಾಕಾ ಹೇಳಿದ್ದ.

ಬೆರಳು ನೋಡಲು ಮೊದಮೊದಲು ಅಪ್ಪ ಮೋಟರ್ ಸೈಕಲ್ಲಿನಲ್ಲಿ ಊರೂರು ತಿರುಗಿದ. ಆಮೇಲೆ ಹತ್ತಿರದ ಊರುಗಳಿಗೆ ಮಾತ್ರ. ಆಮೇಲೆ ಕಾಕಾ ಒಂದು ದಾರಿ ಹುಡುಕಿದ. ಮರುದಿನ ಬೆರಳುಗಳ ಫೋಟೋ ತೆಗೆದು ತನ್ನ ಫೋನಿಗೆ ಕಳಿಸಬೇಕು, ಅಣ್ಣ ನೋಡಿ ಹೇಳುತ್ತಾನೆ. ಆದರೂ ಕಟ್ಟಿದ ಮೇಲೆ "ನಾಳಿ ಬರ್ತೇನಿ" ಎನ್ನುವುದನ್ನು ಅಪ್ಪ ಬಿಡಲಿಲ್ಲ. ಅದು ಬಾಯಿಗೆ ಹತ್ತಿದ ಮಾತು. ಪೂಜೆ ಮುಗಿದಾಗ ಗಂಟೆ ಬಾರಿಸಿದ ಹಾಗೆ.

ಒಂದು ಮಧ್ಯಾಹ್ನ, ಪುಂಡಿಪಲ್ಯ ಬಡಿಸುವಾಗ, ಆಯಿ ತಟ್ಟೆಯನ್ನು ಮುಂದಕ್ಕೆ ತಳ್ಳಿ ಕುಳಿತಳು.

"ಆ ಫೋಟೋ ಒತ್ತಿದ್ರ ಬೆಳ್ಳಗ ಆಗ್ತೈತೇನೋ ಮಾಳಾ?"

ಕಾಕಾ ನಡುವೆ ಬಂದ. "ಯವ್ವಾ, ಕಾಲಾ ಬದಲಾಗೇತಿ. ದವಾಖಾನಿ ಡಾಕ್ಟರೂ ಫೋಟೋ ನೋಡೇ ಹೇಳ್ತಾರ."

"ನಾ ನಿನ್ನ ಕೇಳಿಲ್ಲ. ಕೈ ಇದ್ದಾಂವನ್ನ ಕೇಳೇನಿ."

ಅಪ್ಪ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. ಅವನು ಸಿಟ್ಟಿನಿಂದ ಮಾತಾಡಲಿಲ್ಲ. ಅದಕ್ಕೇ ಆ ಮಾತು ನನಗೆ ಇವತ್ತಿಗೂ ಪೂರ್ತಿ ತಪ್ಪು ಎನಿಸುವುದಿಲ್ಲ.

"ಯವ್ವಾ, ನೀನ ಹೇಳ್ತಿದ್ದಿ, ಕೈ ದೇವರದು ಅಂತ. ದೇವರು ಕೊಟ್ಟದ್ದನ್ನ ಕಂಬಳಿ ಕೆಳಗ ಮುಚ್ಚಿ ಇಡೂದು ಪುಣ್ಯೇನು? ಬಡವರ ಬರ್ತಾರ, ದೂರಿಂದ ಬರ್ತಾರ. ಅವರಿಗೆ ಬ್ಯಾಡ ಅನ್ನಲಿ?"

"ದೇವರು ಬರೇ ಕೈ ಕೊಟ್ಟಾನೇನು? ಕಾಲೂ ಕೊಟ್ಟಾನ. ಎಷ್ಟ ಮಂದಿಗೆ ಕಟ್ಟಬೇಕನ್ನೂದು ಕಾಲು ಹೇಳ್ತಾವ. ನೀ ಬಡವರ ಸಲುವಾಗಿ ಕಟ್ಟಾಕತ್ತಿಲ್ಲೋ. ಆ ಬೋರ್ಡಿನ ಮ್ಯಾಲಿನ ಮಾರಿ ಸಲುವಾಗಿ ಕಟ್ಟಾಕತ್ತಿ."

ಅಪ್ಪ ತಟ್ಟೆ ಇಟ್ಟು ಹೊರಗೆ ಹೋದ. ಅವ್ವ ಅವನ ತಟ್ಟೆಯಲ್ಲಿ ಉಳಿದದ್ದನ್ನು ನಾಯಿಗೆ ಹಾಕಿದಳು. ಆಯಿ ಅಂದಿನಿಂದ ಪಡಸಾಲೆಗೆ ಬರುವುದನ್ನು ಬಿಟ್ಟು, ಹಿತ್ತಲ ಬಾಗಿಲಲ್ಲಿ ಕುರಿಗಳ ಕಡೆ ಮುಖ ಮಾಡಿ ಕೂರತೊಡಗಿದಳು. ಜಗಲಿಯ ಮೇಲಿನ ತೆಂಗಿನಕಾಯಿಗಳನ್ನು ಒಡೆಯಲು ಅವಳು ಬಿಡಲಿಲ್ಲ. ಅವು ಒಣಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಉರುಳುವ ಸದ್ದು ಬರುತ್ತಿತ್ತು.

ಅದೇ ವರ್ಷ ನಾಗರಪಂಚಮಿಯ ಮರುದಿನ ಹುಕ್ಕೇರಿಯಿಂದ ಒಂದು ಹುಡುಗಿಯನ್ನು ಕರೆತಂದರು. ರೇಣುಕಾ ಎಂದು ಹೆಸರು, ನನ್ನಷ್ಟೇ ವಯಸ್ಸು. ಪಂಚಮಿಯ ಜೋಕಾಲಿಯಿಂದ ಬಿದ್ದು ಬಲಗೈ ಮೊಣಕೈಯ ಮೇಲೆ ಮುರಿದಿತ್ತು. ಉಟ್ಟಿದ್ದು ಹಬ್ಬದ ಹೊಸ ಪರಕಾರ, ಕೈತುಂಬ ಬಳೆ, ಅಂಗೈಗೂ ಉಗುರಿಗೂ ಮದರಂಗಿ. ಮದರಂಗಿ ಚೆನ್ನಾಗಿ ಹತ್ತಿತ್ತು. ನನ್ನದು ಅಷ್ಟು ಕೆಂಪಾಗಿರಲಿಲ್ಲವಾದ್ದರಿಂದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಾನು ಮಜ್ಜಿಗೆಯ ಜೊತೆ ಒಂದು ಶೇಂಗಾ ಉಂಡಿ ಕೊಟ್ಟೆ. ಅವಳು ಎಡಗೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ.

ಅಂದು ಕಾಕಾ ತನ್ನ ಗೆಳೆಯನೊಬ್ಬನನ್ನು ದೊಡ್ಡ ಕ್ಯಾಮೆರಾ ಸಮೇತ ಕರೆತಂದಿದ್ದ. ಅಪ್ಪ ಕಟ್ಟಿದ. ಮೊದಲ ಸಲ ಕಟ್ಟಿದ್ದು ಸರಿಯಾಗಿತ್ತು, ನಾನು ಹುರಿಯ ಸುತ್ತುಗಳನ್ನು ನೋಡಿದ್ದೆ. ಆದರೆ ಕ್ಯಾಮೆರಾದವನಿಗೆ ಬೆಳಕು ಸಾಲಲಿಲ್ಲ.

"ವೈದ್ಯರ, ಇನ್ನೊಮ್ಮೆ ಕಟ್ಟಿ ತೋರಸ್ರಿ. ಬಾಗಲ ಕಡೆ ತಿರಗ್ರಿ. ಹುರಿ ಜಗ್ಗೂದು ಕಾಣಬೇಕ, ಜೋರಾಗಿ ಜಗ್ರಿ."

ಅಪ್ಪನ ಕಣ್ಣು ಹಿತ್ತಲ ಬಾಗಿಲ ಕಡೆ ಹೋಗಿದ್ದು ನನಗೆ ನೆನಪಿದೆ. ಆಯಿ ಬೆನ್ನು ತಿರುಗಿಸಿ ಕುಳಿತಿದ್ದಳು. ಅಪ್ಪ ಹುರಿ ಬಿಚ್ಚಿ ಮತ್ತೆ ಕಟ್ಟಿದ. ಈ ಸಲ ಅವನ ಮುಖ ಬೆಳಕಿಗಿತ್ತು, ಹುಡುಗಿಯ ಕೈಗೆ ಅಲ್ಲ. ಜೋರಾಗಿ ಜಗ್ಗಿದ. ರೇಣುಕಾಳ ಎಡಗೈಯೊಳಗಿನ ಉಂಡಿ ಪುಡಿಯಾಗಿ ನೆಲಕ್ಕೆ ಉದುರಿತು.

"ನಾಳಿ ಬರ್ತೇನಿ," ಎಂದ ಅಪ್ಪ.

ಅವಳ ಅಪ್ಪ, ಹುಕ್ಕೇರಿಯಲ್ಲಿ ಬಟ್ಟೆ ಹೊಲಿಯುವವರು, ಕೈಮುಗಿದರು. "ಹಾದಿ ನೋಡ್ತೇವ್ರಿ ಅಣ್ಣಾರ. ಯಾರೂ ಮುಟ್ಟಂಗಿಲ್ರಿ."

ಮರುದಿನ ಗೋಕಾಕಿನಲ್ಲಿ ಅಪ್ಪನಿಗೆ ಸನ್ಮಾನವಿತ್ತು. ಅದರ ಮರುದಿನ ಮೂಡಲಗಿಯಲ್ಲಿ ಇನ್ನೊಂದು. ರುಮಾಲು, ಶಾಲು, ಹಾರ. ನಾವ್ಯಾರೂ ಹೋಗಲಿಲ್ಲ; ಅವ್ವನನ್ನು ಕರೆದಿರಲಿಲ್ಲ, ಆಯಿ ಕರೆದರೂ ಹೋಗುತ್ತಿರಲಿಲ್ಲ. ಆ ಎರಡು ದಿನ ಮನೆ ಹಳೆಯ ಮನೆಯಂತೆ ಖಾಲಿಯಾಗಿತ್ತು, ಆದರೂ ನೆಮ್ಮದಿ ಇರಲಿಲ್ಲ. ಕುರಿಗಳು ಮೇವು ಮುಟ್ಟದೆ ದಾರಿಯ ಕಡೆ ಕಿವಿ ನಿಲ್ಲಿಸಿದ್ದವು. ಆಯಿ ಮೇಲಿಂದ ಮೇಲೆ ಒಂದೇ ಮಾತು ಕೇಳುತ್ತಿದ್ದಳು: "ಆ ಹುಕ್ಕೇರಿ ಕೂಸಿನ ಕಡೆ ಯಾರ ಹೋದ್ರು?"

ಮೂರನೆಯ ದಿನ ಬೆಳಿಗ್ಗೆ ಅಪ್ಪ, ಕಾಕಾ ಇಬ್ಬರೂ ಬಹಳ ದಿನಗಳ ನಂತರ ಕುಳಿತು ಉಂಡರು. ಶಾಲು ಗೂಟಕ್ಕೆ ತೂಗುತ್ತಿತ್ತು. ಆಯಿ ಗೋಡೆ ಹಿಡಿದು ಪಡಸಾಲೆಗೆ ಬಂದಳು.

"ಹುಕ್ಕೇರಿಗೆ ಹೋಗಿದ್ದೆ?"

"ಫೋಟೋ ಕಳಸಿದ್ರವ್ವಾ. ಚೊಲೋ ಅದಾವ ಬೆರಳು."

"ಅಕಿ ಅಪ್ಪ ಫೋನೂ ಮಾಡಿದ್ದ," ಎಂದ ಕಾಕಾ, ಬಾಯಲ್ಲಿ ತುತ್ತಿಟ್ಟುಕೊಂಡೇ. "ಬ್ಯಾನಿ ಭಾಳ ಐತಿ, ಬಿಚ್ಚಲೇನ್ರಿ ಅಂತ. ಬಿಚ್ಚಬ್ಯಾಡ್ರಿ, ಕಟ್ಟಿದವರ ಬಿಚ್ಚಬೇಕ ಅಂದೆ. ನಿನ್ನೆ ಮತ್ತ ಮಾಡಿದ್ದ. ಈಗ ಬ್ಯಾನಿ ಇಲ್ಲಂತ, ಅಕಿಗೆ ಬೆರಳ ಇದ್ದದ್ದ ಗೊತ್ತಾಗೂದಿಲ್ಲಂತ. ಗುಣಾ ಆತಲ್ಲ ಮತ್ತ?"

ಆಯಿ ಗೋಡೆಗೆ ಇಟ್ಟ ಕೈ ತೆಗೆಯಲಿಲ್ಲ. "ಮಾಳಾ, ಉಗುರು ಹೆಂಗಿದ್ದು?"

"ಕೆಂಪಗ ಇದ್ದೂವು. ನಾನ ನೋಡೇನಿ. ಕೆಂಪಗ, ಚೊಲೋ."

ನಾನು ಚರಿಗೆ ಹಿಡಿದು ನಿಂತಿದ್ದೆ. ದೊಡ್ಡವರು ಮಾತಾಡುವಾಗ ನಾನು ಬಾಯಿ ಹಾಕುವವಳಲ್ಲ. ಆದರೆ ಅವರು ಕೇಳುತ್ತಿದ್ದುದು ಕೈಯ ವಿಷಯ, ಆ ಕೈ ನನಗೆ ನೆನಪಿತ್ತು.

"ಅಕಿ ಉಗರಿಗೆ ಮದರಂಗಿ ಹಚ್ಚಿದ್ಲಪ್ಪಾ," ಎಂದೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಾ ಅಗಿಯುವುದನ್ನು ನಿಲ್ಲಿಸಿದ. ಅಪ್ಪ ತನ್ನ ಬಲಗೈಯನ್ನು, ಪಲ್ಯ ಮೆತ್ತಿದ ಆ ಉದ್ದ ಬೆರಳುಗಳನ್ನು, ಬೇರೆ ಯಾರದೋ ಕೈ ಎಂಬಂತೆ ನೋಡಿದ. ಆಮೇಲೆ ತೊಳೆಯದೆಯೇ ಎದ್ದು ಮೋಟರ್ ಸೈಕಲ್ ಕಡೆ ಓಡಿದ. ಹೊಸ್ತಿಲು ದಾಟಲು ಇನ್ನೊಬ್ಬರ ಆಸರೆ ಬೇಕಿದ್ದ ಆಯಿ ಅವನ ಹಿಂದೆಯೇ ಹೋಗಿ ಗಾಡಿಯ ಹಿಂದೆ ಏರಿದಳು. ಅವಳನ್ನು ಇಳಿಸಲು ಅಪ್ಪನಿಗೆ ಧೈರ್ಯವಾಗಲಿಲ್ಲ.

ಅಲ್ಲಿ ನಡೆದದ್ದನ್ನು ಅಪ್ಪ ಎಂದೂ ಹೇಳಲಿಲ್ಲ. ಆಯಿ ಅವ್ವನಿಗೆ ಹೇಳಿದಳು, ಅವ್ವ ಎಷ್ಟೋ ವರ್ಷಗಳ ನಂತರ ನನಗೆ. ರೇಣುಕಾ ಒಳಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳಂತೆ. ಕೈ ದಿಂಬಿನ ಮೇಲಿತ್ತು. ಬಾಗಿಲಲ್ಲೇ ಆಯಿಗೆ ವಾಸನೆ ಬಡಿಯಿತು. ಬೆರಳುಗಳನ್ನು ಎತ್ತಿ ಗಲ್ಲಕ್ಕೆ ಒತ್ತಿಕೊಂಡಳು. ಬಾವಿಯ ಕಲ್ಲಿನಷ್ಟು ತಣ್ಣಗಿದ್ದವಂತೆ. ಅಪ್ಪ ಹುರಿ ಕತ್ತರಿಸಿದಾಗ ಅದರ ಗುರುತು ಮಾಂಸದಲ್ಲಿ ಹಾಗೇ ಉಳಿದಿತ್ತು. ರೇಣುಕಾಳ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಒಂದೇ ಮಾತು ಹೇಳಿದರಂತೆ.

"ನಾಳಿ ಬರ್ತೇನಿ ಅಂದಿದ್ರಿ. ನೀವು ಹೇಳಿದಂಗ ಯಾರೂ ಮುಟ್ಟಿಲ್ರಿ."

ಮನೆಯ ತುಂಬ ಬಟ್ಟೆ ಕತ್ತರಿಸುವ ಕತ್ತರಿಗಳಿದ್ದವು ಎಂದು ಅವ್ವ ಹೇಳುವಾಗಲೆಲ್ಲ ಅಲ್ಲಿಗೇ ನಿಲ್ಲಿಸುತ್ತಾಳೆ.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಕೈ ಉಳಿಯಿತು. ಉಳಿಯಿತು ಎಂದರೆ ಮೈಗೆ ಹತ್ತಿಕೊಂಡು ಉಳಿಯಿತು. ಮುಂಗೈಯ ಮಾಂಸ ಸತ್ತು, ಬೆರಳುಗಳು ಒಳಕ್ಕೆ ಮಡಚಿಕೊಂಡು, ಹಕ್ಕಿಯ ಕಾಲಿನಂತಾದವು. ಅಪ್ಪ ಬೇವಿನ ಮರದ ಬೋರ್ಡು ಕಿತ್ತುಹಾಕಿದ. ಕಟ್ಟುವುದನ್ನು ಬಿಟ್ಟ. ಆದರೂ ಜನ ಬರುತ್ತಲೇ ಇದ್ದರು, ಆಗದು ಎಂದರೆ ಸೊಕ್ಕು ಎಂದುಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಆ ಕ್ಯಾಮೆರಾದವನು ತನ್ನ ವಿಡಿಯೋ ಹರಿಬಿಟ್ಟಿದ್ದ. ಕಾಕಾ ಕೈಮುಗಿದು ಕೇಳಿದ್ದಕ್ಕೆ ಅವನು ತೆಗೆದ. ಅಷ್ಟು ಹೊತ್ತಿಗೆ ಬೇರೆಯವರು ಎತ್ತಿಟ್ಟುಕೊಂಡಿದ್ದರು. ಅದರಲ್ಲಿ ಅಪ್ಪನ ಮುಖ ಬೆಳಗುತ್ತಿದೆ, ಹುರಿ ಬಿಗಿಯುತ್ತಿದೆ, ಹುಡುಗಿ ಚೀರುತ್ತಿದ್ದಾಳೆ. ಕೆಳಗೆ ಜನ ಕೈಮುಗಿದ ಚಿತ್ರಗಳನ್ನು ಹಾಕಿದ್ದಾರೆ. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನ ಒಬ್ಬ ಗೆಳತಿ "ನಿಮ್ಮ ಕಡೆಯವರು, ನೋಡು" ಎಂದು ನನಗೇ ತೋರಿಸಿದಳು. ಇವತ್ತು, ನಾನು ಇದನ್ನು ಬರೆಯುತ್ತಿರುವಾಗಲೂ, ಅದು ಎಲ್ಲೋ ಯಾರದೋ ಅಂಗೈಯಲ್ಲಿ ಓಡುತ್ತಿರಬಹುದು. ನೋಡಿದವರಿಗೆ ಮರುದಿನದ ಕೈ ಕಾಣುವುದಿಲ್ಲ.

ಆಯಿ ಮುಂದಿನ ಬೇಸಿಗೆಗೆ ಹೋದಳು. ಕೊನೆಯವರೆಗೂ ಅಪ್ಪನಿಗೆ ಒಂದು ಕಟು ಮಾತೂ ಆಡಲಿಲ್ಲ. ಅಪ್ಪ ಹುಕ್ಕೇರಿಯ ಸಂತೆಯ ದಿನ ಬಸ್ಸು ಹಿಡಿಯುತ್ತಿದ್ದ. "ಬೆರಳ ನೋಡಿ ಬರ್ತೇನಿ" ಎಂದಷ್ಟೇ ಹೇಳಿ ಹೋಗುತ್ತಿದ್ದ. ಮೊದಲು ಆ ಮನೆಯ ಬಾಗಿಲು ಹಾಕಿರುತ್ತಿತ್ತಂತೆ. ಹೊರಗಿನ ಕಟ್ಟೆಯ ಮೇಲೆ ಕುಳಿತು, ಬಸ್ಸಿನ ಹೊತ್ತಾದಾಗ ಎದ್ದು ಬರುತ್ತಿದ್ದ. ಎಷ್ಟೋ ಸಂತೆಗಳ ನಂತರ ಒಮ್ಮೆ ರೇಣುಕಾ ತಾನೇ ಹೊರಗೆ ಬಂದು ಆ ಕೈಯನ್ನು ಅವನ ಮುಂದೆ ಚಾಚಿದಳು. ಅಪ್ಪ ಉಗುರು ಒತ್ತಿದ. ಅಂದಿನಿಂದ ಅದು ನಡೆದುಕೊಂಡು ಬಂತು. ಹೋಗದ ಆ ಒಂದು ಮರುದಿನಕ್ಕೆ ಅಪ್ಪ ಇಷ್ಟು ವರ್ಷ ಹೋಗುತ್ತಲೇ ಇದ್ದ.

ನಾನು ಫಿಸಿಯೋಥೆರಪಿ ಓದಿದೆ. ಗೋಕಾಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ, ಮುರಿದು ಕೂಡಿದ ಮೇಲೆ ಸೆಟೆದುಕೊಂಡ ಕೈಗಳನ್ನು ಮೆತ್ತಗಾಗಿಸುವುದು ನನ್ನ ಕೆಲಸ. ಕಂಬಳಿಯ ಕೆಳಗೆ ತಿಳಿಯುತ್ತಿದ್ದದ್ದು ನನ್ನ ಬೆರಳಿಗೆ ಈಗಲೂ ತಿಳಿಯುತ್ತದೆ. ಅದನ್ನು ಯಾರಿಗೂ ಹೇಳುವುದಿಲ್ಲ. ಕಳಿಸಿದವರನ್ನೆಲ್ಲ ಒಪ್ಪಿಕೊಳ್ಳುವುದಿಲ್ಲ. ಮರುದಿನ ನೋಡಲಾಗದವರಿಗೆ ಮೊದಲ ದಿನವೇ ಬೇರೆ ಕಡೆ ದಾರಿ ಹೇಳುತ್ತೇನೆ. ಹೀಗೆ ಹೇಳಿದಾಗಲೆಲ್ಲ, ಅವರು ಆಮೇಲೆ ಎಲ್ಲಿಗೆ ಹೋದರೋ ಎಂಬ ಚಿಂತೆ ಉಳಿಯುತ್ತದೆ. ಅಂದು ಅಪ್ಪ ಕೇಳಿದ ಪ್ರಶ್ನೆ ಅದೇ ಅಲ್ಲವೇ? ಈಚೆಗೆ ಕಾಕಾ ಬಂದಿದ್ದ. ತಲೆ ಬೆಳ್ಳಗಾಗಿದೆ, ಫೋನು ದೊಡ್ಡದಾಗಿದೆ.

"ಯವ್ವಾ, ನಿನ್ನ ಕೈಗುಣದ್ದ ಮಂದಿ ಮಾತಾಡಾಕತ್ತಾರ. ಒಂದ ವಿಡಿಯೋ ಮಾಡೂಣು. ಬರೇ ಒಂದ. ಅಣ್ಣನ ಹೆಸರಿಗೆ ಹತ್ತಿದ್ದ ತೊಳದ ಹೋಗ್ತೈತಿ."

ನಾನು ಬೇಡ ಎಂದೆ. ಬೇಡ ಎನ್ನುವ ಮುಂಚೆ ಎದೆಯಲ್ಲಿ ಏನೋ ಬಿಸಿಯಾಗಿ ಏರಿದ್ದು ನಿಜ. ಯಾರು ಮಾತಾಡುತ್ತಿದ್ದಾರೆ, ಏನೆಂದು, ಎಂದು ಕೇಳಬೇಕೆನಿಸಿತು. ಅಪ್ಪನಿಗೂ ಮೊದಲು ಹೀಗೇ ಆಗಿರಬೇಕು. ಅಷ್ಟು ಹಿತವಾದ ಬಿಸಿ ಅದು.

ಈ ಮಳೆಗಾಲದಲ್ಲಿ ಅಪ್ಪನ ಮೊಣಕಾಲು ಕೈಕೊಟ್ಟಿತು. ಸಂತೆಯ ದಿನ ಬೆಳಿಗ್ಗೆ ಅಂಗಿ ಹಾಕಿಕೊಂಡು ಹೊಸ್ತಿಲಲ್ಲಿ ಕುಳಿತವನು ಏಳಲಾಗದೆ ದಾರಿಯನ್ನೇ ನೋಡುತ್ತಿದ್ದ. ನಾನು ಚಪ್ಪಲಿ ಮೆಟ್ಟಿಕೊಂಡೆ.

ಗೋಕಾಕಿನಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟುವ ಹೊತ್ತಿಗೆ ಸಂತೆ ಅರ್ಧ ಎದ್ದಿತ್ತು. ಮನೆ ಕೇಳದೆಯೇ ಸಿಕ್ಕಿತು, ಕಟ್ಟೆಯ ಕಲ್ಲು ಒಂದು ಕಡೆ ನುಣುಪಾಗಿತ್ತು. ಬಾಗಿಲು ತೆರೆದದ್ದು ರೇಣುಕಾಳೇ. ಬಲಗೈ ಸೆರಗಿನೊಳಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಉಂಡಿ ಕೊಟ್ಟಾಕಿ ನೀನ ಅಲ್ಲ?"

"ಹೌದು."

"ನಿಮ್ಮಪ್ಪ ಯಾಕ ಬರಲಿಲ್ಲ?"

"ಮೊಣಕಾಲು. ನಡ್ಯಾಕ ಆಗೂದಿಲ್ಲ."

ಅವಳು ಬಂದು ಕಟ್ಟೆಯ ಮೇಲೆ ಕುಳಿತಳು, ನಾನೂ ಕುಳಿತೆ. ಆಮೇಲೆ ಸೆರಗಿನಿಂದ ಕೈ ಹೊರಗೆ ತೆಗೆದು ಚಾಚಿದಳು. ಮಡಚಿದ ಬೆರಳುಗಳೊಳಗಿಂದ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿ ಉಗುರು ಒತ್ತಿದೆ. ಉಗುರಿಗೆ ಏನೂ ಹಚ್ಚಿರಲಿಲ್ಲ. ಬೆಳ್ಳಗಾಯಿತು. ಕೈ ಬಿಟ್ಟ ಮೇಲೆ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಅಂಚಿನಿಂದ ನಿಧಾನಕ್ಕೆ ಕೆಂಪೇರಿತು. ಅವಳು ಉಗುರನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಐದೂ ಬೆರಳು ಮುಗಿಸಿ, ಅವನ್ನು ಒಟ್ಟಾಗಿ ಹಿಡಿದು ಗಲ್ಲಕ್ಕೆ ಒತ್ತಿಕೊಂಡೆ. ತಣ್ಣಗಿದ್ದವು, ಆದರೆ ಕಲ್ಲಿನಂತಲ್ಲ.

ಎದ್ದು ಹೊರಡುವಾಗ ನಮ್ಮ ಮನೆಯ ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಮುಂದಿನ ಸಂತಿಗೆ ಬರ್ತೇನಿ," ಎಂದೆ.

ರೇಣುಕಾ ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

"ಬಂದಮ್ಯಾಲ ಅನ್ನು," ಎಂದಳು.